ಪಾರ್ಲರ್ ಗೇಮ್ ಮತ್ತೆ ಬದುಕಿದ್ದು ಹೇಗೆ? ರೋಲ್‌ಬ್ಯಾಕ್ ಕಥೆ

ಇವತ್ತೂ ನೌಪಾಡಾದ ನಮ್ಮ ಬಾಡಿಗೆ ಮನೆಯಿಂದಲೇ ಮಾತಾಡ್ತಾ ಇದೀನಿ. ಮೈಕ್‌ಗೆ ಸದ್ದು ಬೀಳುತ್ತೆ ಅಂತ ಫ್ಯಾನ್ ಆಫ್ ಮಾಡಿದ್ದೀನಿ, ಹಾಗಾಗಿ ಬೇಗ ಮುಗಿಸ್ತೀನಿ.

ವಿಷಯ: ಕಿಂಗ್ ಆಫ್ ಫೈಟರ್ಸ್. ಹೆಸರು ಮರೆತಿದ್ದರೂ 97 ಅಂದರೆ ಬಹಳ ಜನರಿಗೆ ನೆನಪಾಗುತ್ತೆ. ಹುಬ್ಬಳ್ಳಿಯ ನಮ್ಮ ಓಣಿಯ ಪಾರ್ಲರ್‌ನಲ್ಲಿ ಒಂದು ರೂಪಾಯಿ ಹಾಕಿದರೆ ಮೂರು ಫೈಟರ್ ಸಿಗ್ತಿದ್ದರು. ಗೆದ್ದವನು ನಿಲ್ಲಬೇಕು, ಸೋತವನು ಜಾಗ ಬಿಡಬೇಕು. ನಮ್ಮಣ್ಣ ಯಾವಾಗಲೂ ಇಯೋರಿ ತಗೋತಿದ್ದ, ನಾನು ಟೆರ್ರಿ. ಕೊತ್ತಂಬರಿ ತರಾಕ ಕೊಟ್ಟ ಚಿಲ್ಲರೆ ಅಲ್ಲೇ ಹೋಗಿ, ಮನೆಯಲ್ಲಿ ಇಬ್ಬರಿಗೂ ಸಮಾನ ಪ್ರಸಾದ.

ಅಣ್ಣ ಈಗ ಡಬ್ಲಿನ್‌ನಲ್ಲಿದ್ದಾನೆ. ಫೋನ್ ಮಾಡಿದರೆ "ಊಟ ಆತೇನು?", "ಆತು", "ಅವ್ವ ಹೆಂಗದಾಳ?", "ಆರಾಮ ಅದಾಳ". ನಾಲ್ಕು ನಿಮಿಷಕ್ಕೆ ಇಬ್ಬರ ಹತ್ತಿರಾನೂ ಮಾತು ಖಾಲಿ. ಈಗ ಭಾನುವಾರ ರಾತ್ರಿ ಒಂದೂವರೆ ತಾಸು ಜೊತೆಗಿರ್ತೀವಿ, ಯಾಕಂದ್ರೆ ಈ ಗೇಮ್ ಮತ್ತೆ ಆಡೋ ಹಾಗಾಗಿದೆ. ಅದು ಹೇಗೆ ಸಾಧ್ಯವಾಯ್ತು ಅನ್ನೋದೇ ಇವತ್ತಿನ ಮಾತು.

ಸ್ವಲ್ಪ ಇತಿಹಾಸ. ಜಪಾನಿನ ಎಸ್‌ಎನ್‌ಕೆ ಕಂಪನಿ 1994ರಲ್ಲಿ ಈ ಸರಣಿ ಶುರು ಮಾಡ್ತು. 2003ರ ತನಕ ವರ್ಷಕ್ಕೊಂದು ಆವೃತ್ತಿ. ನಡುವೆ 2001ರಲ್ಲಿ ಕಂಪನಿಯೇ ದಿವಾಳಿ ಆಯ್ತು, ಹೆಸರು ಬೇರೆಯವರ ಕೈಯಲ್ಲಿ ಉಳೀತು. 2016ರಲ್ಲಿ 14ನೇ ಗೇಮ್ ಬಂತು, ಪೂರ್ತಿ ತ್ರೀಡಿ ಚಿತ್ರಗಳು. ಆದರೆ ಆನ್‌ಲೈನ್ ಆಟ ಹಳೇ ವಿಧಾನದಲ್ಲೇ ಇತ್ತು. ನನ್ನ ಪ್ರಕಾರ ಈ ಸರಣಿ ನಿಜವಾಗಿ ಎದ್ದು ಕೂತಿದ್ದು 2022ರ ಫೆಬ್ರವರಿಯಲ್ಲಿ, 15ನೇ ಗೇಮ್ ರೋಲ್‌ಬ್ಯಾಕ್ ಜೊತೆಗೆ ಬಂದಾಗ.

ಹಳೇ ವಿಧಾನದ ತೊಂದರೆ ಏನು? ಫೈಟಿಂಗ್ ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡುತ್ತೆ, ಅಂದರೆ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ನೆಟ್‌ನಲ್ಲಿ ವಿಡಿಯೋ ಹೋಗಲ್ಲ, ಯಾವ ಬಟನ್ ಒತ್ತಿದಿರಿ ಅನ್ನೋದಷ್ಟೇ ಹೋಗುತ್ತೆ. ಎರಡೂ ಕಡೆ ಒಂದೇ ಲೆಕ್ಕ ನಡೆದು ಒಂದೇ ಚಿತ್ರ ಬರಬೇಕು. ಠಾಣೆಯಿಂದ ಡಬ್ಲಿನ್‌ಗೆ ನನಗೆ ಹೋಗಿ ಬರಲು ಸುಮಾರು 160 ಮಿಲಿಸೆಕೆಂಡ್ ಆಗುತ್ತೆ. ಒಂದು ಕಡೆಗೆ 80, ಅಂದರೆ ಐದು ಫ್ರೇಮ್. ಹಳೇ ವಿಧಾನದಲ್ಲಿ ಅಣ್ಣನ ಬಟನ್ ತಲುಪೋ ತನಕ ನನ್ನ ಬಟನ್ನೂ ಕಾಯಬೇಕು. ನೆಟ್ ಸ್ವಲ್ಪ ತಡವಾದರೂ ಆಟ ಅಲ್ಲೇ ನಿಲ್ಲುತ್ತೆ. ಬೆರಳಿಗೆ ರೂಢಿಯಾದ ಟೈಮಿಂಗ್ ಎಲ್ಲಾ ಹಾಳು.

ರೋಲ್‌ಬ್ಯಾಕ್ ಕಾಯೋದಿಲ್ಲ, ಊಹಿಸುತ್ತೆ. ಅಣ್ಣ ಹೋದ ಫ್ರೇಮ್‌ನಲ್ಲಿ ಏನು ಒತ್ತಿದ್ದನೋ ಈಗಲೂ ಅದನ್ನೇ ಒತ್ತಿದ್ದಾನೆ ಅಂದುಕೊಂಡು ಮುಂದೆ ಹೋಗುತ್ತೆ. ಇದು ದಡ್ಡತನ ಅನ್ನಿಸಬಹುದು. ಆದರೆ ಮನುಷ್ಯನ ಬೆರಳು ಸೆಕೆಂಡಿಗೆ 60 ಸಲ ಬದಲಾಗಲ್ಲ, ಅದಕ್ಕೇ ಊಹೆ ಬಹಳ ಸಲ ಸರಿಯಾಗುತ್ತೆ. ತಪ್ಪಾದರೆ? ಹಳೇ ಫ್ರೇಮ್‌ನ ಸ್ಥಿತಿ ಸೇವ್ ಆಗಿರುತ್ತೆ. ಅಲ್ಲಿಗೆ ವಾಪಸ್ ಹೋಗಿ, ನಿಜವಾದ ಬಟನ್ ಹಾಕಿ, ನಡುವಿನ ಫ್ರೇಮ್‌ಗಳನ್ನೆಲ್ಲ ಮತ್ತೆ ಲೆಕ್ಕ ಮಾಡಿ ಈಗಿನ ಫ್ರೇಮ್‌ಗೆ ಬರುತ್ತೆ. ಇಷ್ಟೂ ಆ 16.7 ಮಿಲಿಸೆಕೆಂಡ್ ಒಳಗೇ ಮುಗೀಬೇಕು! ಡೇಟಾಬೇಸ್ ಮಂದಿಗೆ ಆಪ್ಟಿಮಿಸ್ಟಿಕ್ ಲಾಕಿಂಗ್ ನೆನಪಾದರೆ ಆಶ್ಚರ್ಯ ಇಲ್ಲ, ಸ್ವಭಾವ ಅದೇ.

ಇದು ಹೊಸದೇನಲ್ಲ. ಅಮೆರಿಕದ ಟೋನಿ ಕ್ಯಾನನ್ ಅನ್ನೋ ಪ್ರೋಗ್ರಾಮರ್ ಹಳೇ ಆರ್ಕೇಡ್ ಗೇಮ್‌ಗಳನ್ನು ಆನ್‌ಲೈನ್ ಆಡೋಕೆ ಅಂತಲೇ ಜಿಜಿಪಿಓ ಬರೆದರು. ದೊಡ್ಡ ಫೈಟಿಂಗ್ ಗೇಮ್ ಟೂರ್ನಮೆಂಟ್ ಆದ ಇವೊ ಕಟ್ಟಿದವರಲ್ಲೂ ಅವರು ಒಬ್ಬರು. 2019ರಲ್ಲಿ ಆ ಕೋಡನ್ನು ಎಂಐಟಿ ಲೈಸೆನ್ಸ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಹಾಗಿದ್ರೆ ಕಂಪನಿಗಳು ಯಾಕೆ ತಡ ಮಾಡಿದವು? ಮುಗಿದ ಗೇಮ್‌ಗೆ ಇದನ್ನು ಆಮೇಲೆ ಹೊಲಿಯೋದು ಕಷ್ಟ. ಗೇಮ್‌ನ ಪೂರ್ತಿ ಸ್ಥಿತಿಯನ್ನು ಕ್ಷಣದಲ್ಲಿ ಸೇವ್ ಮಾಡೋ ಹಾಗಿರಬೇಕು. ರ್‍ಯಾಂಡಮ್ ಸಂಖ್ಯೆ ಕೂಡ ಎರಡೂ ಕಡೆ ಒಂದೇ ಬರಬೇಕು. ಸದ್ದಿನ ಸಮಸ್ಯೆ ಇನ್ನೂ ಮಜಾ: ತಪ್ಪು ಊಹೆಯಲ್ಲಿ ಕೂಗಿದ ಕೂಗನ್ನು ವಾಪಸ್ ಹೇಗೆ ನುಂಗೋದು? ಆದರೂ ಮಾಡಿದ್ದಾರೆ. 13ನೇ ಗೇಮ್ ಕೂಡ 2023ರಲ್ಲಿ ರೋಲ್‌ಬ್ಯಾಕ್ ಹಾಕಿಕೊಂಡು ಮತ್ತೆ ಬಂತು.

ಚಿತ್ರ ಚೆಂದ ಮಾಡಿದ್ದಕ್ಕೆ ಹಳೇ ಗೇಮ್ ಬದುಕ್ತು ಅಂತ ನಾನು ಒಪ್ಪಲ್ಲ. ಪಾರ್ಲರ್‌ನಲ್ಲಿ ಭುಜಕ್ಕೆ ಭುಜ ತಾಗಿ ನಿಂತಿದ್ದೆವು, ಮಧ್ಯೆ ವಿಳಂಬವೇ ಇರಲಿಲ್ಲ. ಅದು ಹೋಗಿತ್ತು, ಈಗ ಮುಕ್ಕಾಲು ಪಾಲು ವಾಪಸ್ ಬಂದಿದೆ. ಪೂರ್ತಿ ಅಲ್ಲ. ಅಣ್ಣ ತಟ್ಟನೆ ಹಾರಿದರೆ ಮೊದಲೆರಡು ಫ್ರೇಮ್ ನನಗೆ ಕಾಣಲ್ಲ, ಇಯೋರಿ ಗಾಳಿಯಲ್ಲೇ ಪ್ರತ್ಯಕ್ಷ ಆಗ್ತಾನೆ.

ಆಡೋ ಮನಸ್ಸಿದ್ದರೆ ವೈಫೈ ಬಿಟ್ಟು ರೌಟರ್‌ನಿಂದ ಕೇಬಲ್ ಎಳೀರಿ. ವೈಫೈನಲ್ಲಿ ವಿಳಂಬ ಒಂದೇ ಸಮ ಇರಲ್ಲ, ಅದೇ ದೊಡ್ಡ ಕಾಟ. ಅಣ್ಣನಿಗೂ ಆರು ತಿಂಗಳಿಂದ ಹೇಳ್ತಾ ಇದೀನಿ. "ಹಾಕ್ತೀನಿ ತಡಿಯೋ" ಅಂತಾನೆ, ಹಾಕಲ್ಲ. ಸೋತಾಗ ನೆಟ್ ಮೇಲೆ ಹಾಕಾಕ ಬೇಕಲ್ಲ ಅವಂಗ.