ಗಣಕಯಂತ್ರದಲ್ಲಿ ಸ್ಕ್ರ್ಯಾಪ್ ಪುಸ್ತಕ: ಹೊಸಬರಿಗೆ ತಕ್ಕ ಸಾಫ್ಟ್‌ವೇರಿನ ಆಯ್ಕೆ

ನೆನಪು ಎಂಬುದು ಎಷ್ಟು ಪ್ರಿಯವೋ ಅಷ್ಟೇ ಅಸ್ಥಿರವಾದುದು. ಶಾಲೆಯನ್ನು ಬಿಟ್ಟು ಹತ್ತು ವರ್ಷಗಳಾಗುವಷ್ಟರಲ್ಲಿ, ಒಂದೇ ಬೆಂಚಿನ ಮೇಲೆ ಕುಳಿತ ಗೆಳತಿಯರ ಹೆಸರುಗಳು ಕೂಡ ಒಂದೊಂದಾಗಿ ಮರೆತುಹೋಗುವುವು. ಆದಕಾರಣವೇ ಚಿತ್ರಗಳು, ಪತ್ರಗಳು, ವೃತ್ತಪತ್ರಿಕೆಯ ತುಣುಕುಗಳು, ಒಣಗಿದ ಹೂವೆಲೆಗಳು ಇವುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ನಾಲ್ಕು ಮಾತುಗಳನ್ನು ಬರೆದಿಡುವ ಪದ್ಧತಿಯು ಹುಟ್ಟಿತು. ಇಂಥ ಪುಸ್ತಕವನ್ನು ಸ್ಕ್ರ್ಯಾಪ್ ಪುಸ್ತಕವೆನ್ನುವರು. ಅಮೆರಿಕದ ಪ್ರಸಿದ್ಧ ಗ್ರಂಥಕರ್ತನಾದ ಮಾರ್ಕ್ ಟ್ವೇನನಿಗೆ ಈ ಕೆಲಸದಲ್ಲಿ ಎಷ್ಟು ಆಸಕ್ತಿಯಿದ್ದಿತೆಂದರೆ, ಪುಟಗಳಿಗೆ ಮೊದಲೇ ಅಂಟು ಬಳಿದಿದ್ದು, ನೀರು ತಾಕಿಸಿದ ಮಾತ್ರಕ್ಕೆ ತುಣುಕುಗಳನ್ನು ಹಿಡಿದುಕೊಳ್ಳುವಂಥ ಪುಸ್ತಕವೊಂದನ್ನು ತಾನೇ ಕಲ್ಪಿಸಿ, ೧೮೭೩ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದನು.

ಈಗ ಈ ಕೆಲಸವು ಗಣಕಯಂತ್ರದ ಮೇಲೆಯೂ ನಡೆಯುತ್ತಿದೆ. ಕತ್ತರಿಯೂ ಬೇಡ, ಗೋಂದೂ ಬೇಡ. ಇದರ ಮೊದಲನೆಯ ಲಾಭವೇನೆಂದರೆ, ಮೂಲಚಿತ್ರಕ್ಕೆ ಅಪಾಯವಿಲ್ಲ. ಅಂಟುಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಕೆಯಿರುವ ಅಗ್ಗದ ಆಲ್ಬಮ್ಮುಗಳಲ್ಲಿ, ಆ ಅಂಟೇ ಕಾಲಕ್ರಮದಲ್ಲಿ ಚಿತ್ರಕ್ಕೆ ಕಲೆ ಹತ್ತಿಸಿ, ಬಿಡಿಸಲಾರದಂತೆ ಹಿಡಿದುಕೊಳ್ಳುವುದು. ವೃತ್ತಪತ್ರಿಕೆಯ ಕಾಗದವು ಆಮ್ಲಯುಕ್ತವಾದುದರಿಂದ ತಾನು ಹಳದಿಯಾಗುವುದಲ್ಲದೆ ಪಕ್ಕದ ಹಾಳೆಯನ್ನೂ ಕೆಡಿಸುವುದು. ಗಣಕಯಂತ್ರದಲ್ಲಾದರೋ, ಅಜ್ಜಿಯ ಮದುವೆಯ ಒಂದೇ ಒಂದು ಚಿತ್ರವನ್ನು ಸ್ಕ್ಯಾನ್ ಮಾಡಿಕೊಂಡು, ಮೂಲವನ್ನು ಭದ್ರವಾಗಿ ಪೆಟ್ಟಿಗೆಯಲ್ಲಿಟ್ಟು, ಪ್ರತಿಯ ಮೇಲೆ ಎಷ್ಟು ಬೇಕಾದರೂ ಕೈಯಾಡಿಸಬಹುದು. ಎರಡನೆಯ ಲಾಭವೇನೆಂದರೆ, ಒಂದು ಪುಸ್ತಕವನ್ನು ರಚಿಸಿದರೆ ಅಕ್ಕತಂಗಿಯರೆಲ್ಲರಿಗೂ ಒಂದೊಂದು ಪ್ರತಿಯನ್ನು ಕೊಡಬಹುದು.

ಹೀಗಿರಲು, ಈ ಕೆಲಸಕ್ಕೆ ಹೊಸದಾಗಿ ಕೈಯಿಕ್ಕುವವರು ಮೊದಲು ಕೇಳುವ ಪ್ರಶ್ನೆಯು ‘ಯಾವ ಸಾಫ್ಟ್‌ವೇರು ಒಳ್ಳೆಯದು?’ ಎಂಬುದು. ಸಾಮಾನ್ಯವಾಗಿ ಯಾವುದರಲ್ಲಿ ಹೂಗಳು, ರಿಬ್ಬನ್ನುಗಳು, ಬಣ್ಣದ ಅಂಚುಗಳು ಹೆಚ್ಚಾಗಿರುವುವೋ ಅದನ್ನೇ ಅವರು ಆರಿಸಿಕೊಳ್ಳುವರು. ಇದು ಸೆರಗನ್ನು ಮಾತ್ರ ನೋಡಿ ಸೀರೆಯನ್ನು ಕೊಂಡಂತೆಯೇ ಸರಿ. ಸಾಫ್ಟ್‌ವೇರು ಒಂದು ಉಪಕರಣ. ಪುಸ್ತಕವೇ ನಮ್ಮ ಗುರಿ. ಉಪಕರಣಕ್ಕಿಂತ ಪುಸ್ತಕವು ಹೆಚ್ಚು ಕಾಲ ಬಾಳಬೇಕು. ಆದುದರಿಂದ ಒಂದು ಸಾಫ್ಟ್‌ವೇರಿನೊಳಕ್ಕೆ ಹೋಗುವುದು ಎಷ್ಟು ಸುಲಭವೆಂಬುದನ್ನು ವಿಚಾರಿಸುವುದಕ್ಕಿಂತ ಮುಂಚಿತವಾಗಿ, ಅದರೊಳಗಿಂದ ನಮ್ಮ ಪುಟಗಳನ್ನು ಹೊರಕ್ಕೆ ತರುವುದು ಎಷ್ಟು ಸುಲಭವೆಂಬುದನ್ನು ವಿಚಾರಿಸತಕ್ಕದ್ದು.

ಈ ಎಚ್ಚರಿಕೆಯು ಅನಾವಶ್ಯಕವೆಂದು ಯಾರೂ ಎಣಿಸಕೂಡದು. ಗೂಗಲ್ ಸಂಸ್ಥೆಯು ೨೦೦೪ರಲ್ಲಿ ಕೊಂಡುಕೊಂಡ ಪಿಕಾಸಾ ಎಂಬ ಚಿತ್ರಗಳ ಸಾಫ್ಟ್‌ವೇರು ಅನೇಕ ಮನೆಗಳಲ್ಲಿ ಬಳಕೆಯಲ್ಲಿದ್ದಿತು; ೨೦೧೬ರಲ್ಲಿ ಆ ಸಂಸ್ಥೆಯು ಅದನ್ನು ನಿಲ್ಲಿಸಿಬಿಟ್ಟಿತು. ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಬಹಳ ಕಾಲದಿಂದ ಪರಿಚಿತವಾಗಿರುವ ಮೈಕ್ರೋಸಾಫ್ಟ್ ಪಬ್ಲಿಷರ್ ೧೯೯೧ರಲ್ಲಿ ಹೊರಬಂದುದು. ಅದಕ್ಕೂ ೨೦೨೬ರ ಅಕ್ಟೋಬರ್ ತಿಂಗಳನ್ನು ಕೊನೆಯ ಗಡುವಾಗಿ ಅದರ ಒಡೆಯರೇ ಗೊತ್ತುಮಾಡಿ ಪ್ರಕಟಿಸಿದರು. ಅದರ ಸ್ವಂತ ರೂಪದಲ್ಲಿ ಮಾತ್ರ ಉಳಿಸಿಟ್ಟ ಪುಟಗಳನ್ನು ತೆರೆಯುವುದು ವರ್ಷ ವರ್ಷಕ್ಕೆ ಕಷ್ಟವಾಗುವುದು. ಅದೇ ಪುಟಗಳನ್ನು ಪಿಡಿಎಫ್ ರೂಪದಲ್ಲಿಯೂ ತೆಗೆದಿರಿಸಿದ್ದವರಿಗೆ ಯಾವ ನಷ್ಟವೂ ಇಲ್ಲ. ಏತಕ್ಕೆಂದರೆ ಪಿಡಿಎಫ್ ಎಂಬುದು ೧೯೯೩ರಲ್ಲಿ ಹುಟ್ಟಿ, ೨೦೦೮ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದುದರಿಂದ, ಅದು ಒಂದೇ ಸಂಸ್ಥೆಯ ಸ್ವತ್ತಾಗಿ ಉಳಿದಿಲ್ಲ.

ಇನ್ನು ಆಯ್ಕೆಯ ಪರೀಕ್ಷೆಗಳನ್ನು ಕ್ರಮವಾಗಿ ವಿವರಿಸುವೆನು.

ಮೊದಲನೆಯದು, ಈಗಲೇ ಹೇಳಿದ ಹೊರಬಾಗಿಲಿನ ಪರೀಕ್ಷೆ. ಸಾಫ್ಟ್‌ವೇರು ತನ್ನ ಪುಟವನ್ನು ಪಿಡಿಎಫ್, ಜೆಪೆಗ್, ಪಿಎನ್‌ಜಿ ಎಂಬ ಸರ್ವಸಾಮಾನ್ಯ ರೂಪಗಳಲ್ಲಿ ಕೊಡುವುದೇ? ಹಾಗೆ ಕೊಡುವಾಗ ತನ್ನ ಗುರುತನ್ನು ಪುಟದ ಮೇಲೆ ಒತ್ತುವುದೇ? ಇವುಗಳಲ್ಲಿ ಜೆಪೆಗ್ ಎಂಬುದು ಚಿತ್ರವನ್ನು ಚಿಕ್ಕದಾಗಿ ಮಡಿಸಿಡುವ ರೂಪ. ಆದರೆ ತಿದ್ದಿ ತಿದ್ದಿ ಮತ್ತೆ ಉಳಿಸಿದಷ್ಟು ಸಲವೂ ಅದರಲ್ಲಿ ಸ್ವಲ್ಪ ಸೂಕ್ಷ್ಮತೆ ನಷ್ಟವಾಗುವುದು. ಪಿಎನ್‌ಜಿಯಲ್ಲಿ ಆ ನಷ್ಟವಿಲ್ಲ. ಅಲ್ಲದೆ ಅದರಲ್ಲಿ ಹಿನ್ನೆಲೆಯನ್ನು ಪಾರದರ್ಶಕವಾಗಿಡಬಹುದಾದುದರಿಂದ ಹೂವು, ಚಿಟ್ಟೆ ಮೊದಲಾದ ಅಲಂಕಾರಗಳು ಬಹಳ ಮಟ್ಟಿಗೆ ಈ ರೂಪದಲ್ಲಿಯೇ ದೊರೆಯುವುವು.

ಎರಡನೆಯದು ಅಳತೆಯ ಪರೀಕ್ಷೆ. ಚಿತ್ರವು ಮುದ್ರಣದಲ್ಲಿ ಸ್ಫುಟವಾಗಿ ಬರಬೇಕಾದರೆ ಅಂಗುಲವೊಂದಕ್ಕೆ ೩೦೦ ಚುಕ್ಕೆಗಳಿರಬೇಕೆಂಬುದು ರೂಢಿಯ ಲೆಕ್ಕ. ಸ್ಕ್ರ್ಯಾಪ್ ಪುಸ್ತಕದ ವಾಡಿಕೆಯ ಪುಟವು ೧೨ ಅಂಗುಲ ಚದರ. ಆದುದರಿಂದ ಅದಕ್ಕೆ ಪ್ರತಿಯೊಂದು ಕಡೆಯಲ್ಲಿಯೂ ೩,೬೦೦ ಚುಕ್ಕೆಗಳು ಬೇಕು. ೮ ಅಂಗುಲದ ಪುಟಕ್ಕೆ ೨,೪೦೦ ಸಾಕು. ಪುಟದ ಅಳತೆಯನ್ನು ನಾವೇ ಗೊತ್ತುಮಾಡಲು ಅವಕಾಶ ಕೊಡದ ಸಾಫ್ಟ್‌ವೇರು ಫೋನಿನ ಪರದೆಗೆ ಚೆನ್ನಾಗಿದ್ದರೂ ಮುದ್ರಣಕ್ಕೆ ಬಾರದು. ಇಲ್ಲಿಯೇ ಚಿತ್ರಗಳ ವಿಷಯದಲ್ಲಿಯೂ ಒಂದು ಮಾತು. ಫೋನಿನ ಸಂದೇಶಗಳ ಮೂಲಕ ಕಳುಹಿಸಿದ ಚಿತ್ರಗಳು ದಾರಿಯಲ್ಲಿಯೇ ಕುಗ್ಗಿಹೋಗುವುದುಂಟು. ಒಂದು ಚಿತ್ರದ ಅಗಲವು ೧,೬೦೦ ಚುಕ್ಕೆಗಳಾಗಿದ್ದರೆ ಅದನ್ನು ಸುಮಾರು ೫ ಅಂಗುಲಗಳವರೆಗೆ ಮಾತ್ರ ಸ್ಫುಟವಾಗಿ ಅಚ್ಚುಮಾಡಬಹುದು. ಅದನ್ನೇ ಇಡೀ ಪುಟಕ್ಕೆ ಹಿಗ್ಗಿಸಿದರೆ ಮುಖಗಳು ಮಸುಕಾಗುವುವು. ಯಾವ ಸಾಫ್ಟ್‌ವೇರೂ ಇದನ್ನು ಪೂರ್ಣವಾಗಿ ಸರಿಪಡಿಸಲಾರದು. ಆದಕಾರಣ ಚಿತ್ರವನ್ನು ತೆಗೆದವರಿಂದ ಮೂಲಪ್ರತಿಯನ್ನೇ ಕೇಳಿ ಪಡೆಯತಕ್ಕದ್ದು.

ಮೂರನೆಯದು ಕನ್ನಡದ ಪರೀಕ್ಷೆ. ಇದನ್ನು ಹೊರದೇಶಗಳ ಪುಸ್ತಕಗಳು ಹೇಳಿಕೊಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಕನ್ನಡದಲ್ಲಿ ಒತ್ತಕ್ಷರ, ಅರ್ಕಾವೊತ್ತು, ಗುಣಿತಾಕ್ಷರಗಳು ತಮ್ಮ ತಮ್ಮ ಸ್ಥಾನದಲ್ಲಿ ಕುಳಿತುಕೊಳ್ಳಬೇಕಾದರೆ ಸಾಫ್ಟ್‌ವೇರಿಗೆ ನಮ್ಮ ಲಿಪಿಯ ನಿಯಮಗಳು ತಿಳಿದಿರಬೇಕು. ತಿಳಿಯದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುವುವು. ಇದನ್ನು ಅರಿಯಲು ‘ಸ್ತ್ರೀ’, ‘ವಿದ್ಯಾರ್ಥಿನಿ’, ‘ಜ್ಞಾಪಕ’ ಎಂಬ ಮೂರು ಪದಗಳನ್ನು ಅದರಲ್ಲಿ ಬರೆದು ನೋಡಿದರೆ ಸಾಕು. ಮೂರೂ ಸರಿಯಾಗಿ ಮೂಡಿದರೆ ಉಳಿದವುಗಳೂ ಬಹುಶಃ ಸರಿಯಾಗಿಯೇ ಮೂಡುವುವು. ಅಕ್ಷರಗಳನ್ನು ಯೂನಿಕೋಡ್ ಪದ್ಧತಿಯಲ್ಲಿಯೇ ಬರೆಯುವುದು ಒಳ್ಳೆಯದು. ಈ ಅಂತರರಾಷ್ಟ್ರೀಯ ಲಿಪಿಸಂಕೇತದ ೧೯೯೧ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಅದಕ್ಕೆ ಹೊಂದದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದುದನ್ನು ಬೇರೊಂದು ಯಂತ್ರದಲ್ಲಿ ತೆರೆದರೆ, ಕನ್ನಡದ ಬದಲಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸಿಕೊಳ್ಳುವುದುಂಟು. ಅಮ್ಮನ ಮಾತುಗಳನ್ನು ಅಮ್ಮನ ಭಾಷೆಯಲ್ಲಿಯೇ ಬರೆದಿಡಲು ಬಾರದ ಸಾಫ್ಟ್‌ವೇರಿನಲ್ಲಿ ಬೇರೆ ಎಷ್ಟು ಗುಣಗಳಿದ್ದರೂ ಅದು ನಮಗೆ ಒಗ್ಗದು.

ನಾಲ್ಕನೆಯದು ಪದರಗಳ ಪರೀಕ್ಷೆ. ಪದರವೆಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯೆಂದು ತಿಳಿಯಿರಿ. ಅಡಿಯ ಹಾಳೆಯಲ್ಲಿ ಬಣ್ಣದ ಹಿನ್ನೆಲೆ, ಅದರ ಮೇಲೆ ಚಿತ್ರ, ಅದರ ಮೇಲೆ ಹೂವು, ಎಲ್ಲಕ್ಕೂ ಮೇಲೆ ಬರಹ. ಹೂವು ಸರಿಯಾಗಿ ಕಾಣದಿದ್ದರೆ ಅದರ ಹಾಳೆಯನ್ನು ಮಾತ್ರ ಸರಿಸಿದರಾಯಿತು, ಉಳಿದವುಗಳು ಅಲುಗುವುದಿಲ್ಲ. ಹಾಗೆಯೇ ಮಾಡಿದ ತಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವ ಸೌಕರ್ಯವೂ ಇರಬೇಕು. ಈ ಎರಡೂ ಇದ್ದರೆ ಹೊಸಬರು ಅಂಜದೆ ಕೆಲಸ ಮಾಡಬಹುದು.

ಐದನೆಯದು ಮನೆಯ ಅನುಕೂಲದ ಪರೀಕ್ಷೆ. ನಮ್ಮಲ್ಲಿರುವುದು ಗಣಕಯಂತ್ರವೋ ತಾಯಿಯ ಫೋನು ಮಾತ್ರವೋ? ಇಂಟರ್ನೆಟ್ ಸದಾ ದೊರೆಯುವುದೋ ಇಲ್ಲವೋ? ಹಣವನ್ನು ಒಂದೇ ಸಲ ಕೊಡಬೇಕೋ, ತಿಂಗಳು ತಿಂಗಳಿಗೂ ಕೊಡುತ್ತಿರಬೇಕೋ? ಕೊಡುವುದನ್ನು ನಿಲ್ಲಿಸಿದ ಮೇಲೆ ಹಳೆಯ ಪುಟಗಳು ತೆರೆಯುವುವೋ? ಅಲ್ಲದೆ ಚಿತ್ರಗಳು ನಮ್ಮ ಯಂತ್ರದಲ್ಲಿಯೇ ಉಳಿಯುವುವೋ, ದೂರದ ಸಂಸ್ಥೆಯೊಂದರ ಯಂತ್ರಕ್ಕೆ ಹೋಗುವುವೋ ಎಂಬುದನ್ನೂ ತಿಳಿದುಕೊಳ್ಳಬೇಕು. ಗೆಳತಿಯರ ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಹಾಗೆ ಕಳುಹಿಸುವುದು ಸಭ್ಯತೆಯಲ್ಲ.

ಈ ಪರೀಕ್ಷೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲವು ಸಾಫ್ಟ್‌ವೇರುಗಳನ್ನು ನೋಡೋಣ. ತರಗತಿಯಲ್ಲಿ ಸ್ಲೈಡುಗಳನ್ನು ತಯಾರಿಸಿ ಅಭ್ಯಾಸವಿರುವವರು ಬೇರೇನನ್ನೂ ಹುಡುಕಬೇಕಾಗಿಲ್ಲ. ಪವರ್‌ಪಾಯಿಂಟ್ ಆಗಲಿ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಲಿಬ್ರೆಆಫೀಸ್ ಇಂಪ್ರೆಸ್ ಆಗಲಿ, ಅದರಲ್ಲಿ ಪುಟದ ಅಳತೆಯನ್ನು ೧೨ ಅಂಗುಲ ಚದರಕ್ಕೆ ಬದಲಾಯಿಸಿದರೆ ಅದೇ ಸ್ಕ್ರ್ಯಾಪ್ ಪುಸ್ತಕದ ಹಾಳೆಯಾಗುವುದು. ಮುಗಿದ ಮೇಲೆ ಎಲ್ಲ ಪುಟಗಳನ್ನೂ ಒಂದೇ ಪಿಡಿಎಫ್ ಆಗಿ ತೆಗೆಯಬಹುದು. ಆದರೆ ಪವರ್‌ಪಾಯಿಂಟಿನಲ್ಲಿ ಚಿತ್ರಗಳನ್ನು ತಾನಾಗಿಯೇ ಕುಗ್ಗಿಸುವ ಏರ್ಪಾಡೊಂದಿದೆ. ಅದನ್ನು ಮೊದಲೇ ನಿಲ್ಲಿಸಬೇಕು.

ಫೋನಿನಲ್ಲಿಯೇ ಕೆಲಸ ಮಾಡತಕ್ಕವರಿಗೆ ಕ್ಯಾನ್ವಾ ಅನುಕೂಲ. ಇದರ ಹುಟ್ಟು ಶಾಲೆಯವರಿಗೆ ಸ್ವಾರಸ್ಯವೆನಿಸುವಂಥದು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಮೆಲನಿ ಪರ್ಕಿನ್ಸ್ ಮತ್ತು ಕ್ಲಿಫ್ ಓಬ್ರೆಕ್ಟ್ ಎಂಬವರು, ಶಾಲೆಗಳು ತಮ್ಮ ವಾರ್ಷಿಕ ಸಂಚಿಕೆಗಳನ್ನು ತಾವೇ ರಚಿಸಿಕೊಳ್ಳಲೆಂದು ೨೦೦೭ರಲ್ಲಿ ಒಂದು ಸಂಸ್ಥೆಯನ್ನು ಆರಂಭಿಸಿದರು. ಅದೇ ಯೋಚನೆಯು ಬೆಳೆದು ೨೦೧೩ರಲ್ಲಿ ಕ್ಯಾನ್ವಾ ಎಂಬ ಹೆಸರಿನಿಂದ ಹೊರಬಂದಿತು. ಸಿದ್ಧವಾದ ಮಾದರಿಗಳು ಅದರಲ್ಲಿ ಹೇರಳವಾಗಿರುವುದರಿಂದ ಮೊದಲನೆಯ ದಿನವೇ ಅಂದವಾದ ಪುಟವು ದೊರೆಯುವುದು. ಆದರೆ ಅದಕ್ಕೆ ಬಹುಮಟ್ಟಿಗೆ ಇಂಟರ್ನೆಟ್ ಬೇಕು. ಕೆಲವು ಅಲಂಕಾರಗಳಿಗೆ ಹಣ ತೆರಬೇಕು. ತಿದ್ದಬಹುದಾದ ಪುಟಗಳು ಆ ಸಂಸ್ಥೆಯ ಬಳಿಯಲ್ಲಿಯೇ ಇರುವುವು. ಆದುದರಿಂದ ಪುಟವು ಮುಗಿದ ದಿನವೇ ಅದರ ಪಿಡಿಎಫನ್ನು ಇಳಿಸಿಕೊಳ್ಳತಕ್ಕದ್ದು.

ಚಿತ್ರಗಳ ಕಲೆಗಳನ್ನು ತೆಗೆಯುವುದು, ಮಸುಕಾದ ಬಣ್ಣವನ್ನು ಎತ್ತುವುದು ಮೊದಲಾದ ಸೂಕ್ಷ್ಮ ಕೆಲಸಗಳನ್ನು ಕಲಿಯುವ ಮನಸ್ಸಿದ್ದವರಿಗೆ ಗಿಂಪ್ ಉತ್ತಮವಾದುದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ೧೯೯೫ರಲ್ಲಿ ಆರಂಭಿಸಿದ ಈ ಸಾಫ್ಟ್‌ವೇರು ಇಂದಿಗೂ ಉಚಿತ. ಪದರಗಳ ಸೌಕರ್ಯವೂ ಕನ್ನಡದ ಒತ್ತಕ್ಷರಗಳೂ ಇದರಲ್ಲಿ ಸರಿಯಾಗಿವೆ. ಆದರೆ ಇದರ ಉಪಕರಣಗಳು ಅನೇಕವಾದುದರಿಂದ ಮೊದಮೊದಲು ಗಾಬರಿಯಾಗುವುದು ಸಹಜ. ಒಂದೆರಡು ವಾರಗಳ ತಾಳ್ಮೆ ಬೇಕು. ಅಡೋಬಿ ಸಂಸ್ಥೆಯು ೨೦೦೧ರಿಂದ ಮಾರುತ್ತಿರುವ ಫೋಟೋಶಾಪ್ ಎಲಿಮೆಂಟ್ಸ್ ಹೊಸಬರಿಗೆ ಹೆಜ್ಜೆಹೆಜ್ಜೆಗೂ ದಾರಿ ತೋರಿಸುವುದು. ಆದರೆ ಅದಕ್ಕೆ ಬೆಲೆಯುಂಟು. ಮೇಲಾಗಿ ೨೦೨೫ ಎಂಬ ಆವೃತ್ತಿಯಿಂದ ಅದರ ಹಕ್ಕು ಮೂರು ವರ್ಷಗಳಿಗೆ ಮಾತ್ರ ಸೀಮಿತವಾಗಿದೆ. ಹೊಸಬರು ಮೊದಲು ಉಚಿತವಾದವುಗಳಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ಬೇಕೆನಿಸಿದರೆ ಹಣ ಕೊಡುವುದು ಜಾಣತನ.

ಹೂವು, ಹಿನ್ನೆಲೆಗಳ ಕಟ್ಟುಗಳನ್ನು ಇಳಿಸಿಕೊಳ್ಳುವಾಗ ಅವುಗಳೊಡನಿರುವ ಷರತ್ತನ್ನು ಓದಬೇಕು. ‘ಸ್ವಂತ ಉಪಯೋಗಕ್ಕೆ ಮಾತ್ರ’ ಎಂದಿದ್ದರೆ ಮನೆಯ ಪುಸ್ತಕದಲ್ಲಿ ಬಳಸಬಹುದು. ಮಾರಾಟಕ್ಕೆಂದು ಅಚ್ಚುಮಾಡಿಸುವ ಪುಸ್ತಕದಲ್ಲಿ ಬಳಸಕೂಡದು.

ಇಷ್ಟನ್ನು ಓದಿದ ಮೇಲೂ ಯಾವುದನ್ನು ಆರಿಸಬೇಕೆಂಬ ಸಂದೇಹವಿದ್ದರೆ, ಒಂದು ಸಂಜೆಯ ಪರೀಕ್ಷೆಯನ್ನು ಮಾಡಿರಿ. ಮೂರು ಚಿತ್ರಗಳು, ಒಂದು ಅಂಚು, ಕನ್ನಡದಲ್ಲಿ ನಾಲ್ಕು ಸಾಲುಗಳು ಇವಿಷ್ಟರಿಂದ ಒಂದೇ ಪುಟವನ್ನು ರಚಿಸಿರಿ. ಅದನ್ನು ಉಳಿಸಿ, ಮುಚ್ಚಿ, ಪುನಃ ತೆರೆದು ಒಂದು ಮಾತನ್ನು ಬದಲಾಯಿಸಿರಿ. ಬಳಿಕ ಪಿಡಿಎಫ್ ಆಗಿ ತೆಗೆದು ಬೇರೊಬ್ಬರ ಫೋನಿನಲ್ಲಿ ತೆರೆದು ನೋಡಿರಿ. ಸಾಧ್ಯವಾದರೆ ಅಂಗಡಿಯಲ್ಲಿ ಒಂದು ಪ್ರತಿಯನ್ನು ಅಚ್ಚುಮಾಡಿಸಿರಿ. ಇಷ್ಟೂ ಕೆಲಸವು ಯಾರ ಸಹಾಯವೂ ಇಲ್ಲದೆ ಒಂದು ಸಂಜೆಯಲ್ಲಿ ಮುಗಿದರೆ ಆ ಸಾಫ್ಟ್‌ವೇರು ನಿಮಗೆ ತಕ್ಕದ್ದೆಂದು ತಿಳಿಯಿರಿ. ಮಧ್ಯದಲ್ಲಿ ಎಲ್ಲಿ ಎಡವಿದಿರೋ ಅದೇ ಅದರ ಕೊರತೆ.

ಪುಸ್ತಕವು ಪೂರ್ಣವಾದ ಮೇಲೆ ತಿದ್ದಬಹುದಾದ ಮೂಲವನ್ನೂ, ಪಿಡಿಎಫನ್ನೂ, ಚಿತ್ರಗಳ ಮೂಲಪ್ರತಿಗಳನ್ನೂ ಒಂದೇ ಕಡೆಯಲ್ಲಿ ಇಡದೆ, ಕಡೆಯ ಪಕ್ಷ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡತಕ್ಕದ್ದು. ಫೋನು ಕಳೆದುಹೋಗಬಹುದು, ಯಂತ್ರವು ಕೆಡಬಹುದು, ಎರಡೂ ಒಂದೇ ದಿನ ಸಂಭವಿಸುವುದು ಅಪೂರ್ವ.

ವಿದ್ಯಾರ್ಥಿನಿಯರೇ, ಅತ್ಯುತ್ತಮವಾದ ಸಾಫ್ಟ್‌ವೇರು ಕೂಡ ಮಾಡಲಾರದ ಕೆಲಸವೊಂದಿದೆ. ಚಿತ್ರದಲ್ಲಿ ಎಡದಿಂದ ಎರಡನೆಯವಳಾಗಿ ನಿಂತಿರುವವಳು ಯಾರು, ಅದು ಯಾವ ಊರು, ಯಾವ ವರ್ಷ, ಅಂದು ಏತಕ್ಕಾಗಿ ಎಲ್ಲರೂ ನಗುತ್ತಿದ್ದರು ಎಂಬುದನ್ನು ಬಲ್ಲವರು ನೀವು, ನಿಮ್ಮ ತಾಯಂದಿರು, ನಿಮ್ಮ ಅಜ್ಜಿಯರು ಮಾತ್ರ. ಹೂವಿನ ಅಂಚನ್ನು ಮುಂದಿನ ವರ್ಷವೂ ಹಾಕಬಹುದು. ಅಜ್ಜಿಯನ್ನು ಕೇಳಿ ಬರೆದುಕೊಳ್ಳಬೇಕಾದ ಹೆಸರುಗಳನ್ನು ಈ ರಜೆಯಲ್ಲಿಯೇ ಕೇಳಿ ಬರೆದುಕೊಳ್ಳಿರಿ.