ಆಯಾಮಗಳೆಷ್ಟು?

ಕಳೆದ ಬೇಸಗೆಯ ರಜೆಗೆ ನನ್ನ ಕಿರಿಯ ಮಗಳು ಕಾಲೇಜಿನಿಂದ ಮನೆಗೆ ಬಂದಾಗ ಅವಳ ಮುಖದಲ್ಲಿ ಎಂದಿನ ಗೆಲುವಿರಲಿಲ್ಲ. ಮೂರನೆಯ ದಿನ ರಾತ್ರಿ ಊಟವಾದ ಮೇಲೆ, “ಅಪ್ಪ, ಈ ಎಂಜಿನಿಯರಿಂಗ್ ಓದು ನನ್ನಿಂದಾಗದೆಂದು ತೋರುತ್ತದೆ, ಬಿಟ್ಟುಬಿಡಲೆ?” ಎಂದು ಕೇಳಿದಳು. ಮೂವತ್ತು ವರ್ಷ ಮಕ್ಕಳಿಗೆ ಸಂಸ್ಕೃತ ಹೇಳಿಕೊಟ್ಟ ನಾನು ಪರರ ಮಕ್ಕಳ ಬಾಯಲ್ಲಿ ಇಂಥ ಮಾತನ್ನು ಎಷ್ಟೋ ಸಲ ಕೇಳಿದ್ದೆ, ಸಮಾಧಾನವನ್ನೂ ಹೇಳಿದ್ದೆ. ಸ್ವಂತ ಮಗಳ ಬಾಯಲ್ಲಿ ಕೇಳಿದಾಗ ಮಾತ್ರ ಏನೂ ಹೊಳೆಯಲಿಲ್ಲ. ನಡೆದುದೇನೆಂದು ವಿಚಾರಿಸಿದೆ.

ಅವಳು ತನ್ನ ಕಂಪ್ಯೂಟರನ್ನು ತೆರೆದು ಒಂದು ಚಿತ್ರವನ್ನು ತೋರಿಸಿದಳು. ಅದು ನನ್ನ ತಾಯಿಯ ಭಾವಚಿತ್ರ. ಕಡತದಲ್ಲಿರುವ ಚಿತ್ರವನ್ನು ಓದಿ ತೆರೆಯ ಮೇಲೆ ಮೂಡಿಸುವ ಪ್ರೋಗ್ರಾಮನ್ನು ಅವಳೇ ಬರೆದಿದ್ದಳಂತೆ. ಆದರೆ ಮೂಡಿದುದೇನು? ಅಜ್ಜಿಯ ಮುಖ ಗಾಳಿಗೆ ಬಾಗಿದ ಬಾಳೆಯಂತೆ ಓರೆಯಾಗಿ, ಬಣ್ಣಗಳೆಲ್ಲ ಕಲಸಿಹೋಗಿದ್ದುವು. “ಚಿತ್ರ ಚಪ್ಪಟೆ, ಆದುದರಿಂದ ಎರಡು ಆಯಾಮ. ಪುಸ್ತಕದಲ್ಲಿ ಇದಕ್ಕೆ ಮೂರು ಆಯಾಮದ ಅರೇ ಬೇಕೆಂದಿದೆ. ಮೂರು ಆಯಾಮದ ಬಿಂದುವಿಗಾದರೋ ಒಂದೇ ಆಯಾಮದ ಅರೇ ಸಾಕಂತೆ! ಯಾವುದನ್ನು ನಂಬಲಿ?” ಎಂದಳು.

ಅರೇ ಎಂದರೆ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿಟ್ಟ ಪಟ್ಟಿಯೆಂದು ಅವಳಿಂದಲೇ ತಿಳಿದುಕೊಂಡೆ. ಯಂತ್ರದ ಸ್ಮೃತಿಯಲ್ಲಿ ಅಡ್ಡಸಾಲು ಉದ್ದಸಾಲುಗಳಿಲ್ಲ; ಮನೆಗಳೆಲ್ಲ ಒಂದೇ ಬೀದಿಯಲ್ಲಿ ಒಂದರ ಪಕ್ಕದಲ್ಲೊಂದು ಇರುವುವಂತೆ. ಇದನ್ನು ಕೇಳಿದೊಡನೆ ನನಗೆ ಪಾಣಿನಿಯ ನೆನಪಾಯಿತು. ವಾಚಕರು ನಗಬಾರದು.

ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ, ನಾಮಪದಗಳಿಗೆ ಹತ್ತುವ ೨೧ ಪ್ರತ್ಯಯಗಳನ್ನು ಪಾಣಿನಿ ಒಂದೇ ಸೂತ್ರದಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಾನೆ. ಮೊದಲನೆಯದಾದ ‘ಸು’ವನ್ನೂ ಕೊನೆಯ ‘ಪ್’ಕಾರವನ್ನೂ ಕೂಡಿಸಿ ಇಡೀ ಸಾಲಿಗೆ ‘ಸುಪ್’ ಎಂದು ಹೆಸರು. ನಾಲಗೆಗೆ ಅದು ಒಂದು ಸಾಲು. ಓದಿದವನ ಮನಸ್ಸಿನಲ್ಲಿಯಾದರೋ ಏಳು ವಿಭಕ್ತಿಗಳು, ವಿಭಕ್ತಿಗೆ ಮೂರು ವಚನಗಳು. ಸಾಲನ್ನು ಮೂರುಮೂರಾಗಿ ಮಡಿಸಿದರೆ ಕೋಷ್ಟಕವಾಗುತ್ತದೆ. ಷಷ್ಠೀ ಏಕವಚನ ಎಲ್ಲಿದೆ? ಹಿಂದಿನ ಐದು ವಿಭಕ್ತಿಗಳಿಗೆ ಮೂರರಂತೆ ೧೫ನ್ನು ದಾಟಿ, ೧೬ನೆಯದು. ಯಂತ್ರವೂ ಇದೇ ಲೆಕ್ಕದಿಂದಲೇ ತನ್ನ ಬೀದಿಯಲ್ಲಿ ಮನೆಯನ್ನು ಹುಡುಕುತ್ತದೆ. ಹಾಗಾದರೆ ಅರೇಯ ಆಯಾಮವೆಂದರೆ, ಬೇಕಾದುದನ್ನು ಗೊತ್ತುಪಡಿಸುವುದಕ್ಕೆ ಎಷ್ಟು ಪ್ರಶ್ನೆ ಕೇಳಬೇಕೆಂಬುದಷ್ಟೆ. ಯಾವ ವಿಭಕ್ತಿ, ಯಾವ ವಚನ: ಎರಡು ಪ್ರಶ್ನೆ, ಎರಡು ಆಯಾಮ. ‘ತದ್’ ಶಬ್ದಕ್ಕೆ ಯಾವ ಲಿಂಗವೆಂದೂ ಕೇಳಬೇಕು. ಮೂರು ಆಯಾಮ, ೬೩ ರೂಪಗಳು. ಅದಕ್ಕೆ ಉದ್ದ ಅಗಲ ಎತ್ತರಗಳುಂಟೆ?

ಮಗಳ ಚಿತ್ರವೂ ಹೀಗೆಯೇ. ಅದರ ಅಗಲ ೩೦೧ ಚುಕ್ಕೆ, ಎತ್ತರ ೪೦೦ ಸಾಲು. ಒಂದೊಂದು ಚುಕ್ಕೆಗೂ ಕೆಂಪು, ಹಸುರು, ನೀಲಿ ಎಷ್ಟೆಷ್ಟೆಂದು ಹೇಳುವ ಮೂರು ಸಂಖ್ಯೆಗಳು, ೦ಯಿಂದ ೨೫೫ರ ವರೆಗೆ. ಯಾವ ಸಾಲು, ಸಾಲಿನಲ್ಲಿ ಎಷ್ಟನೆಯ ಚುಕ್ಕೆ, ಯಾವ ಬಣ್ಣ? ಮೂರು ಪ್ರಶ್ನೆಗಳಾದುದರಿಂದ ಅರೇಗೆ ಮೂರು ಆಯಾಮ. ಚಿತ್ರವಾದರೋ ಚಪ್ಪಟೆಯಾಗಿಯೇ ಇದೆ.

ಇನ್ನು ಮೂರು ಆಯಾಮದ ಬಿಂದುವಿನ ತೊಡಕು. ೧೯೭೫ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ನ್ಯೂವೆಲ್ ಎಂಬವರು ಮನೆಯ ಚಹದ ಕುಂಡಿಕೆಯ ಆಕಾರವನ್ನು ಬಿಂದುಗಳ ಮೂಲಕ ಸಂಖ್ಯೆಗಿಳಿಸಿದರು. ಚಿತ್ರಗಣಕವಿದ್ಯೆಯನ್ನು ಕಲಿತವರೆಲ್ಲ ಆ ಕುಂಡಿಕೆಯನ್ನು ಬಲ್ಲರು. ಮೂಲ ಪಾತ್ರೆ ಈಗ ಕ್ಯಾಲಿಫೋರ್ನಿಯದ ಕಂಪ್ಯೂಟರ್ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿದೆ. ಅಂಥ ಪಾತ್ರೆಯ ಒಂದು ಬಿಂದುವನ್ನು ಹೇಳಲು ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು, ಎತ್ತರಕ್ಕೆಷ್ಟು ಎಂಬ ಮೂರು ಸಂಖ್ಯೆಗಳು ಬೇಕು. ಆದರೆ ಆ ಮೂರನ್ನು ಬರೆದಿಟ್ಟ ಚೀಟಿಯಲ್ಲಿ ‘ಎಷ್ಟನೆಯ ಸಂಖ್ಯೆ?’ ಎಂಬ ಒಂದೇ ಪ್ರಶ್ನೆಗೆ ಅವಕಾಶ. ಆದುದರಿಂದ ಒಂದೇ ಆಯಾಮದ ಅರೇ. ಸಾವಿರ ಬಿಂದುಗಳನ್ನು ಬರೆದರೆ ಸಾವಿರ ಸಾಲು, ಸಾಲಿಗೆ ಮೂರು, ಎರಡು ಆಯಾಮ. ಪಾತ್ರೆಯ ಆಯಾಮ ಬೇರೆ, ಪಟ್ಟಿಯ ಆಯಾಮ ಬೇರೆ. ಊಟಕ್ಕೆ ಕುಳಿತವನು ‘ಸೈಂಧವ’ವನ್ನು ತರಹೇಳಿದರೆ ಉಪ್ಪನ್ನೂ, ಪ್ರಯಾಣಕ್ಕೆ ಹೊರಟವನು ತರಹೇಳಿದರೆ ಕುದುರೆಯನ್ನೂ ತರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುವರಷ್ಟೆ. ‘ಡೈಮೆನ್ಷನ್’ ಎಂಬ ಶಬ್ದವೂ ಆ ಜಾತಿಯದೇ. ೧೯೫೭ರಲ್ಲಿ ಬಂದ ಫೋರ್ಟ್ರಾನ್ ಭಾಷೆಯಲ್ಲಿಯೇ ಅರೇಯನ್ನು ಘೋಷಿಸುವ ಮಾತಿಗೆ ಈ ಹೆಸರಿತ್ತು. ಆಗ ಮೂರಕ್ಕಿಂತ ಹೆಚ್ಚು ಆಯಾಮಗಳಿಗೆ ಅಪ್ಪಣೆಯಿರಲಿಲ್ಲವಂತೆ.

ಪ್ರಸಂಗದಿಂದ ಇನ್ನೊಂದು ಮಾತು. ಕೋಷ್ಟಕವನ್ನು ಬೀದಿಗಿಳಿಸುವಾಗ ಸಿ ಎಂಬ ಭಾಷೆ ಅಡ್ಡಸಾಲುಗಳನ್ನು ಅನುಸರಿಸಿದರೆ, ಫೋರ್ಟ್ರಾನ್ ಉದ್ದಸಾಲುಗಳನ್ನು ಅನುಸರಿಸುತ್ತದೆ. ಏಕವಚನಗಳನ್ನೆಲ್ಲ ಮೊದಲು ಒಪ್ಪಿಸಿ ಆಮೇಲೆ ದ್ವಿವಚನಕ್ಕೆ ಬಂದ ಹಾಗೆ. ಹೇಗೆ ಓದಿದರೂ ಒಂದೇ ಆಗುವಂತೆ ಹೊಂದಿಸಬೇಕಾದರೆ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ ಸರ್ವತೋಭದ್ರವನ್ನು ರಚಿಸಿದ ಭಾರವಿಯೇ ಬರಬೇಕು.

ಇಷ್ಟಾದರೂ ಚಿತ್ರ ಏಕೆ ಓರೆಯಾಯಿತೆಂಬುದು ಉಳಿಯಿತು. ನಾನು ಹೇಳಿದೆ: “ಸುಪ್ಪನ್ನು ಮೂರರ ಬದಲು ನಾಲ್ಕುನಾಲ್ಕಾಗಿ ಮಡಿಸಿ ನೋಡು. ಎರಡನೆಯ ಸಾಲು ದ್ವಿತೀಯೆಯ ದ್ವಿವಚನದಿಂದಲೂ ಮೂರನೆಯದು ತೃತೀಯೆಯ ಬಹುವಚನದಿಂದಲೂ ಹೊರಡುತ್ತದೆ, ಸಾಲಿಗೊಂದರಂತೆ ಜಾರುತ್ತದೆ. ನಿನ್ನ ಅಜ್ಜಿಯೂ ಹಾಗೆಯೇ ಜಾರಿದ್ದಾಳೆ. ನಿನ್ನ ಮಡಿಕೆ ಎಷ್ಟರದು?”

“೩೦೧ಕ್ಕೆ ಮೂರರಂತೆ ೯೦೩” ಎಂದಳು. ಆಮೇಲೆ ಮಾತಿಲ್ಲದೆ ಪುಸ್ತಕವನ್ನು ತಿರುವತೊಡಗಿದಳು. ನಾನು ಮಲಗಿದೆ.

ಇನ್ನೂ ಬೆಳಕು ಹರಿದಿರಲಿಲ್ಲ, “ಅಪ್ಪ, ಏಳಿ” ಎಂದು ಎಬ್ಬಿಸಿದಳು. ಆ ಚಿತ್ರವಿದ್ದುದು ಬಿಎಂಪಿ ಎಂಬ ಮಾದರಿಯ ಕಡತದಲ್ಲಿ. ಅದರಲ್ಲಿ ಪ್ರತಿಯೊಂದು ಸಾಲೂ ನಾಲ್ಕರಿಂದ ಭಾಗವಾಗುವಷ್ಟು ಬೈಟುಗಳಿಗೆ ಮುಗಿಯಬೇಕೆಂಬ ನಿಯಮವುಂಟಂತೆ. ೯೦೩ ಹಾಗೆ ಭಾಗವಾಗದು. ಆದಕಾರಣ ಸಾಲಿನ ಕೊನೆಗೆ ಅರ್ಥವಿಲ್ಲದ ಒಂದು ಬೈಟನ್ನು ಸೇರಿಸಿ ೯೦೪ ಮಾಡಿರುತ್ತಾರೆ, ಛಂದಸ್ಸಿಗಾಗಿ ಕವಿ ‘ಚ’ವನ್ನೋ ‘ತು’ವನ್ನೋ ತುರುಕುವಂತೆ. ಆ ಒಂದನ್ನು ಇವಳು ಚುಕ್ಕೆಯ ಬಣ್ಣವೆಂದೇ ಓದಿದ್ದಳು. ಸಾಲು ಸಾಲಿಗೂ ಒಂದೊಂದು ಜಾರಿ, ಕೆಂಪಿನ ಸ್ಥಾನಕ್ಕೆ ನೀಲಿ ಬಂದು ಕುಳಿತಿದ್ದಿತು.

ತೆರೆಯ ಮೇಲೆ ನನ್ನ ತಾಯಿ ನೆಟ್ಟಗೆ ಕುಳಿತಿದ್ದಳು. ಸೀರೆಯ ಹಸುರಂಚು ಹಸುರಾಗಿಯೇ ಇತ್ತು. ಕಾಫಿಯ ಹೊತ್ತಿಗೆ ಓದು ಬಿಡುವ ಮಾತನ್ನು ಮಗಳು ಎತ್ತಲಿಲ್ಲ, ನಾನೂ ಕೇಳಲಿಲ್ಲ.