ತಂಪಿನ ಬೆಲೆ ಎಷ್ಟು?

ಏಪ್ರಿಲ್ ಬಂತೆಂದರೆ ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಎರಡು ಬಗೆಯ ಬಿಸಿ ಒಟ್ಟಿಗೇ ಏರುತ್ತದೆ. ಒಂದು ಬಿಸಿಲಿನದು, ಪಾದರಸ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇಗ ಇಳಿಯುವುದಿಲ್ಲ. ಇನ್ನೊಂದು ಪರೀಕ್ಷೆಯದು. ಸಿಇಟಿ, ನೀಟ್ ಎಂದು ಮಕ್ಕಳು ಮಹಡಿಯ ಕೋಣೆಯಲ್ಲಿ ಬೆವರೊರೆಸಿಕೊಳ್ಳುತ್ತ ಕುಳಿತಿರುವುದನ್ನು ಕಂಡ ತಂದೆತಾಯಿಗಳ ಕರುಳು ಚುರುಕ್ ಎನ್ನುತ್ತದೆ. ‘ಸಾಲವಾದರೂ ಸರಿ, ಈ ವರ್ಷ ಒಂದು ಏ.ಸಿ. ಹಾಕಿಸಿಬಿಡೋಣ’ ಎಂಬ ಮಾತು ಹೊರಡುವುದು ಆಗಲೇ. ಅಂಗಡಿಯವರು ಬೆಲೆ ಹೇಳುತ್ತಾರೆ, ಕಂತಿನ ಲೆಕ್ಕವನ್ನೂ ಕೊಡುತ್ತಾರೆ. ಆದರೆ ತಂಪಿನ ನಿಜವಾದ ಬೆಲೆ ಆ ಚೀಟಿಯಲ್ಲಿ ಬರೆದಷ್ಟೇ ಆಗಿರುತ್ತದೆಯೇ?

ಕಾಗದಕ್ಕಾಗಿ ಹುಟ್ಟಿದ ಯಂತ್ರ

ಹವಾನಿಯಂತ್ರಣ ಯಂತ್ರ ಹುಟ್ಟಿದ್ದು ಮನುಷ್ಯನ ಸುಖಕ್ಕಾಗಿ ಅಲ್ಲ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಬಣ್ಣದ ಅಚ್ಚು ತಪ್ಪಿಹೋಗುತ್ತಿತ್ತು. ಅದನ್ನು ಸರಿಪಡಿಸಲು ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ರೂಪಿಸಿದ ವ್ಯವಸ್ಥೆಯೇ ಇಂದಿನ ಏ.ಸಿ.ಯ ಮೂಲ.

ಏ.ಸಿ. ‘ತಂಪನ್ನು ಉತ್ಪಾದಿಸುತ್ತದೆ’ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಬಾವಿಯಿಂದ ನೀರೆತ್ತುವ ಪಂಪಿನಂತೆ ಇದು ಕೋಣೆಯೊಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುವ ಪಂಪು. ಒಳಗಿನ ಸುರುಳಿಯಲ್ಲಿ ಶೈತ್ಯಕಾರಕ ದ್ರವ ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ. ಹೊರಗಿನ ಸುರುಳಿಯಲ್ಲಿ ಅದು ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಒಂದು ಯೂನಿಟ್ ವಿದ್ಯುತ್ ಖರ್ಚು ಮಾಡಿ ಮೂರು ನಾಲ್ಕು ಯೂನಿಟ್‌ನಷ್ಟು ಶಾಖವನ್ನು ಹೊರಹಾಕಬಲ್ಲುದೇ ಇದರ ಹೆಚ್ಚುಗಾರಿಕೆ.

‘ಒಂದೂವರೆ ಟನ್ ಏ.ಸಿ.’ ಎಂದರೆ ಯಂತ್ರದ ತೂಕವಲ್ಲ. ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಲು ಎಷ್ಟು ಶಾಖ ಬೇಕೋ, ಅದನ್ನು ಹೀರುವ ಸಾಮರ್ಥ್ಯಕ್ಕೆ ಒಂದು ಟನ್ ಎನ್ನುತ್ತಾರೆ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕು ಎಂಬುದು ಹೈಸ್ಕೂಲಿನ ಪಾಠ. ಗುಣಿಸಿ, ದಿನವೊಂದರ 86,400 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 3,500 ವಾಟ್ ಬರುತ್ತದೆ.

ಚೀಟಿಯಲ್ಲಿಲ್ಲದ ಖರ್ಚು

ಇನ್ನು ಹಣದ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಏ.ಸಿ.ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದು ಬೆಲೆ ಸ್ವಲ್ಪ ತಗ್ಗಿತು. ಒಂದೂವರೆ ಟನ್‌ನ ಇನ್ವರ್ಟರ್ ಸ್ಪ್ಲಿಟ್ ಏ.ಸಿ.ಗೆ 40,000 ರೂಪಾಯಿ ಎಂದು ಹಿಡಿಯಬಹುದು. ಸ್ಟೆಬಿಲೈಸರ್‌ಗೆ 3,500. ಜೋಡಣೆ, ಹೆಚ್ಚುವರಿ ತಾಮ್ರದ ಕೊಳವೆ, ಹೊರಘಟಕ ಕೂರಿಸುವ ಕಬ್ಬಿಣದ ಸ್ಟ್ಯಾಂಡ್ ಸೇರಿ 4,500. ದೀಪ, ಫ್ಯಾನುಗಳಿಗೆಂದು ಎಳೆದ ಹಳೆಯ ತೆಳು ತಂತಿಯ ಮೇಲೆ ಏ.ಸಿ. ನಡೆಸುವುದು ಅಪಾಯಕ್ಕೆ ಆಹ್ವಾನ. ಮುಖ್ಯ ಬೋರ್ಡಿನಿಂದ ಪ್ರತ್ಯೇಕ ದಪ್ಪ ತಂತಿ, ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು, ಇದಕ್ಕೆ 5,000. ಅಲ್ಲಿಗೆ 53,000 ಆಯಿತು. ಊರು, ಅಂಗಡಿಗೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಇನ್ನೂರರ ಗೆರೆ

ಯಂತ್ರ ತಂದ ಮೇಲೆ ಅದರ ಮೇವಿನ ಮಾತು. ಕಡುಬೇಸಿಗೆಯಲ್ಲಿ ಇಂಥ ಯಂತ್ರ ಗಂಟೆಗೆ ಸರಾಸರಿ ಒಂದು ಯೂನಿಟ್ ಬಳಸುತ್ತದೆ ಎಂದುಕೊಂಡರೂ, ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 240 ಯೂನಿಟ್.

ಇಲ್ಲಿ ಕರ್ನಾಟಕದ ಮನೆಗಳಿಗೆ ಒಂದು ಸೂಕ್ಷ್ಮವಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಪ್ರತಿ ಮನೆಗೂ ಉಚಿತ ವಿದ್ಯುತ್ತಿನ ಮಿತಿ ನಿಗದಿಯಾಗಿದೆ. ಆದರೆ ತಿಂಗಳ ಬಳಕೆ 200 ಯೂನಿಟ್ ಮೀರಿತೋ, ಹೆಚ್ಚುವರಿಗೆ ಮಾತ್ರವಲ್ಲ, ಇಡೀ ಬಿಲ್ಲನ್ನೇ ಕಟ್ಟಬೇಕು. 115 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿದ್ದ ಮನೆ, ಏ.ಸಿ. ಬಂದ ತಿಂಗಳು 355 ಯೂನಿಟ್‌ಗೆ ಏರುತ್ತದೆ. ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ 2,130. ಸ್ಥಿರ ಶುಲ್ಕ, ತೆರಿಗೆಗೆಂದು 600 ಸೇರಿಸಿದರೆ 2,730 ರೂಪಾಯಿ. ಸೊನ್ನೆಯಿಂದ ಒಂದೇ ನೆಗೆತ!

ವರ್ಷಕ್ಕೆ ಮೂರು ತಿಂಗಳು ಎಂದರೆ 8,190. ಸರ್ವಿಸ್, ಸಣ್ಣಪುಟ್ಟ ರಿಪೇರಿಗೆ 1,500. ಹತ್ತು ವರ್ಷಕ್ಕೆ 96,900. ಮೊದಲಿನ 53,000 ಕೂಡಿಸಿದರೆ ಒಂದೂವರೆ ಲಕ್ಷಕ್ಕೆ ನೂರೇ ರೂಪಾಯಿ ಕಡಿಮೆ. ಅಂಗಡಿಯಲ್ಲಿ ಕೊಟ್ಟ 40,000 ಅದರ ನಾಲ್ಕನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ.

ಶಾಖ ಎಲ್ಲಿಂದ ಬರುತ್ತದೆ?

ಶಾಖ ಹೊರಹಾಕಲು ಇಷ್ಟು ಖರ್ಚಾಗುವುದಾದರೆ, ಅದು ಒಳಗೆ ಬರುವ ದಾರಿಯನ್ನೇ ಮೊದಲು ಹುಡುಕಬೇಡವೇ? ನೆತ್ತಿಯ ಮೇಲಿನ ಸೂರ್ಯ ಪ್ರತಿ ಚದರ ಮೀಟರಿಗೆ ಹತ್ತಿರ ಹತ್ತಿರ 1,000 ವಾಟ್ ಶಕ್ತಿ ಸುರಿಸುತ್ತಾನೆ. ಹತ್ತಡಿ ಹನ್ನೆರಡಡಿಯ ಕೋಣೆಯ ತಾರಸಿ ಸುಮಾರು 11 ಚದರ ಮೀಟರ್. ಅಂದರೆ ಅದರ ಮೇಲೆ 11,000 ವಾಟ್. ಕೋಣೆಯಲ್ಲಿ ಸುಮ್ಮನೆ ಕುಳಿತ ಮನುಷ್ಯನ ದೇಹ ಹೊರಸೂಸುವುದು ಸುಮಾರು 100 ವಾಟ್ ಮಾತ್ರ. ಕಾಂಕ್ರೀಟ್ ತಾರಸಿ ಹಗಲೆಲ್ಲ ಹೀರಿದ್ದರಲ್ಲಿ ಒಂದು ಪಾಲನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಹತ್ತು ಗಂಟೆಯಾದರೂ ಮಹಡಿಯ ಕೋಣೆ ಕಾದ ಹೆಂಚಿನಂತಿರುವುದು ಇದೇ ಕಾರಣಕ್ಕೆ.

ಆ ಸೀಮೆಯ ಹಿರಿಯರಿಗೆ ಇದು ಗೊತ್ತಿತ್ತು. ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆಯ ಮಾಳಿಗೆ, ಸಣ್ಣ ಕಿಟಕಿ, ಶಹಾಬಾದ್ ಕಲ್ಲಿನ ನೆಲ — ಇವು ಬಿಸಿಲಿಗೆ ಕೊಟ್ಟ ಉತ್ತರಗಳಾಗಿದ್ದವು. ಮತ್ತೆ ಮಾಳಿಗೆ ಮನೆ ಕಟ್ಟಬೇಕಿಲ್ಲ. ತಾರಸಿಗೆ ಬಿಳಿ ಸುಣ್ಣ ಅಥವಾ ಬಿಸಿಲನ್ನು ಪ್ರತಿಫಲಿಸುವ ಬಿಳಿ ಬಣ್ಣ ಬಳಿದರೆ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಕಟ್ಟಿದರೆ ಒಳಬರುವ ಶಾಖ ಎದ್ದು ಕಾಣುವಷ್ಟು ತಗ್ಗುತ್ತದೆ. ಮುಂದೆ ಏ.ಸಿ. ತಂದರೂ ಅದರ ದುಡಿಮೆ ಹಗುರಾಗುತ್ತದೆ.

ಕೂಲರ್ ಎಲ್ಲಿ ಸೈ, ಎಲ್ಲಿ ಅಲ್ಲ

ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿನಿಂದ ಸುಮಾರು 2,400 ಕಿಲೋಜೂಲ್ ಶಾಖ ಸೆಳೆಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು, ಏರ್ ಕೂಲರ್ ಕೆಲಸ ಮಾಡುವುದು ಇದೇ ತತ್ವದಿಂದ. 200 ವಾಟ್‌ನ ಕೂಲರ್ ದಿನಕ್ಕೆ ಎಂಟು ಗಂಟೆ ನಡೆದರೆ ತಿಂಗಳಿಗೆ 48 ಯೂನಿಟ್. ಮೇಲಿನ ಮನೆಯ ಬಳಕೆ 163 ಯೂನಿಟ್ ಆಗಿ, ಇನ್ನೂರರ ಗೆರೆಯೊಳಗೇ ಉಳಿಯುತ್ತದೆ. ಕಟ್ಟಬೇಕಾದದ್ದು ಮಿತಿ ಮೀರಿದ ಕೆಲವೇ ಯೂನಿಟ್‌ಗಳಿಗೆ.

ಆದರೆ ಇದಕ್ಕೆ ಒಣಗಾಳಿ ಬೇಕು, ಕಿಟಕಿ ತೆರೆದಿರಬೇಕು. ಕಲಬುರಗಿಯ ಏಪ್ರಿಲ್‌ನಲ್ಲಿ ಸೈ ಎನಿಸುವ ಕೂಲರ್, ಗಾಳಿಯಲ್ಲಿ ಮೊದಲೇ ತೇವ ತುಂಬಿರುವ ಮಂಗಳೂರಿನಲ್ಲಿ ಮೈ ಇನ್ನಷ್ಟು ಅಂಟಂಟಾಗಿಸುತ್ತದೆ. ಕುಡಿಯುವ ನೀರಿಗೇ ತತ್ವಾರವಿರುವ ಬಡಾವಣೆಯಲ್ಲಿ ದಿನಕ್ಕೆ ಹತ್ತಾರು ಲೀಟರ್ ನೀರು ಸುರಿಯುವುದೂ ಒಂದು ಬೆಲೆಯೇ.

ಕೊಳ್ಳುವುದೇ ಆದರೆ

ವಯಸ್ಸಾದವರು, ಹೃದ್ರೋಗಿಗಳು, ಹಸುಗೂಸುಗಳಿರುವ ಮನೆಯಲ್ಲಿ ಕಡುಬೇಸಿಗೆಯ ಏ.ಸಿ.ಯನ್ನು ಐಷಾರಾಮ ಎಂದು ತಳ್ಳಿಹಾಕಲಾಗದು. ಅಂಥ ಮನೆಯವರು ನಕ್ಷತ್ರಗಳ ಸಂಖ್ಯೆಯನ್ನಷ್ಟೇ ಅಲ್ಲ, ಅದರ ಕೆಳಗಿನ ಅಂಕಿಗಳನ್ನೂ ಓದಬೇಕು. ಆ ಪಟ್ಟಿಯ ಮೇಲಿನ ವಾರ್ಷಿಕ ಬಳಕೆಯ ಲೆಕ್ಕ 1,600 ಗಂಟೆಗೆ ಹಾಕಿದ್ದು. ವರ್ಷಕ್ಕೆ 700 ಗಂಟೆ ಬಳಸುವವರಿಗೆ ಐದು ನಕ್ಷತ್ರದ ಹೆಚ್ಚುವರಿ ಬೆಲೆ ಮರಳಿ ಬರಲು ಬಹಳ ವರ್ಷ ಹಿಡಿದೀತು.

ಇಂಧನ ದಕ್ಷತೆ ಬ್ಯೂರೋ ಪ್ರಕಾರ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿ ಇಟ್ಟರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ. 2020ರಿಂದ ಹೊಸ ಏ.ಸಿ.ಗಳು 24 ಡಿಗ್ರಿಯಲ್ಲೇ ಚಾಲೂ ಆಗುವಂತೆ ನಿಯಮವಾದದ್ದು ಇದಕ್ಕಾಗಿಯೇ. 26ಕ್ಕೆ ಇಟ್ಟು ಮೇಲೆ ಫ್ಯಾನ್ ನಿಧಾನವಾಗಿ ತಿರುಗಿಸಿದರೆ ಓದುವವರಿಗೆ ಅಷ್ಟೇ ಹಿತ. ಮನೆಯವರೆಲ್ಲ ರಾತ್ರಿ ಆ ಒಂದೇ ಕೋಣೆಯಲ್ಲಿ ಮಲಗಿದರಂತೂ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದು ವಾರ ಪ್ರತಿದಿನ ರಾತ್ರಿ ಎಂಟಕ್ಕೆ ವಿದ್ಯುತ್ ಮೀಟರಿನ ಅಂಕಿ ಮತ್ತು ಮಹಡಿಯ ಕೋಣೆಯ ಉಷ್ಣತೆ ಬರೆದಿಡಬೇಕು. ತಾರಸಿಗೆ ಸುಣ್ಣ ಬಳಿದ ಮೇಲೆ, ಬಿಸಿಲು ಅಷ್ಟೇ ಇರುವ ಇನ್ನೊಂದು ವಾರ ಹಾಗೆಯೇ ಬರೆದು ಹೋಲಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇದೆಯಲ್ಲ, ಹಾಸಿಗೆ ಎಷ್ಟಿದೆ ಎಂಬುದನ್ನು ಆ ಎರಡು ಸಾಲು ಅಂಕಿಗಳು ಅಂಗಡಿಗೆ ಹೋಗುವ ಮೊದಲೇ ಹೇಳಿಬಿಡುತ್ತವೆ.